ಒಣ ಅಣಬೆಯ ಮುಂದೆ ಕೈ ಮುಗಿದವರು

1/10
ಫೋಟೋದಲ್ಲಿರೋದು ಒಣಗಿದ ಚಪ್ಪಲಿ ತುಂಡಲ್ಲ ಮಾರಾಯ್ರೇ. ಶಿಟಾಕೆ. ಒಣಗಿಸಿದ ಅಣಬೆ. ಕೈಲಿ ಹಿಡಿದರೆ ಕಟ್ಟಿಗೆ ಚೂರಿನ ಹಾಗೆ ಗಟ್ಟಿ, ತೂಕ ಮಾತ್ರ ಇಲ್ಲವೇ ಇಲ್ಲ. ಪೊಟ್ಟಣ ಬಿಚ್ಚಿದ ಕೂಡಲೇ ಬರೋ ವಾಸನೆಗೆ ಕೆಲವರು ಮೂಗು ಮುಚ್ಕೋತಾರೆ, ಕೆಲವರು ಇನ್ನೊಂದು ಸಲ ಮೂಸಿ ನೋಡ್ತಾರೆ. ನಾನು ಎರಡನೇ ಗುಂಪು.

ಅಡುಗೆ ಹೇಗೆ ಮಾಡೋದು ಅಂತ ಕೇಳಿದ್ರಲ್ಲ, ಹೇಳ್ತೀನಿ. ಅದು ಕೊನೆಗೆ. ಅದಕ್ಕೂ ಮೊದಲು ಒಂದು ವಿಷಯ ಗೊತ್ತಿರಲಿ: ಈ ಅಣಬೆಗೋಸ್ಕರ ಜನ ಸಾಲ ಮಾಡಿದ್ದಾರೆ, ಕಾಡು ಕಡಿದಿದ್ದಾರೆ, ಮರದ ದಿಮ್ಮಿಗಳ ಮುಂದೆ ಕೂತು ಬೇಡಿಕೊಂಡಿದ್ದಾರೆ. ಎರಡು ದೊಡ್ಡ ದೇಶಗಳು ಜಗಳ ಆಡಿವೆ. ನಿಧಾನಕ್ಕೆ ಓದಿ, ಹತ್ತು ಭಾಗ ಇದೆ.

2/10
ಕ್ರಿ.ಶ. 1223. ಜಪಾನಿನಿಂದ ಬಂದ ಒಂದು ಹಡಗು ಚೀನಾದ ಬಂದರಿನಲ್ಲಿ ನಿಂತಿದೆ. ಆ ಊರು ಇವತ್ತಿನ ನಿಂಗ್ಬೋ. ಹಡಗಿನಲ್ಲಿ ಇಪ್ಪತ್ತಮೂರು-ಇಪ್ಪತ್ತನಾಲ್ಕು ವರ್ಷದ ಒಬ್ಬ ಭಿಕ್ಷು ಇದ್ದಾನೆ, ಹೆಸರು ದೋಗೆನ್. ಮುಂದೆ ಜಪಾನಿನ ಝೆನ್ ಪರಂಪರೆಯ ದೊಡ್ಡ ಗುರು ಆದವನು. ಆಗ ಮಾತ್ರ ನಮ್ಮ ನಿಮ್ಮ ಹಾಗೆ, ಎಲ್ಲ ಓದಿಬಿಟ್ಟಿದ್ದೀನಿ ಅನ್ನೋ ವಯಸ್ಸು.

ಒಂದು ದಿನ ಅರವತ್ತೊಂದು ವರ್ಷದ ಮುದುಕ ಭಿಕ್ಷು ಹಡಗು ಹತ್ತಿ ಬಂದ. ಮಠದ ಅಡುಗೆ ಉಸ್ತುವಾರಿ ಅವನದು. ಸುಮಾರು 35 ಲಿ ದೂರದಿಂದ, ಅಂದ್ರೆ ಹದಿನೈದು-ಇಪ್ಪತ್ತು ಕಿಲೋಮೀಟರ್ ನಡೆದು ಬಂದಿದ್ದ. ಯಾಕೆ? ಜಪಾನಿನ ಅಣಬೆ ಕೊಳ್ಳೋಕೆ! ಮಾರನೇ ದಿನ ಐದನೇ ತಿಂಗಳ ಐದನೇ ತಾರೀಖು, ವಿಶೇಷ ದಿನ. ಮಠದ ಭಿಕ್ಷುಗಳಿಗೆ ನೂಡಲ್ಸ್ ಸಾರು ಮಾಡಿಹಾಕೋಣ ಅಂದ್ರೆ ಅಣಬೆ ಇಲ್ಲ. ಅದಕ್ಕೆ ಹೊರಟು ಬಂದಿದ್ದಾನೆ.

ದೋಗೆನ್‌ಗೆ ಆಶ್ಚರ್ಯ. ಇವತ್ತು ಇಲ್ಲೇ ಉಳಿಯಿರಿ, ಊಟ ಮಾಡೋಣ, ಮಾತಾಡೋಣ ಅಂದ. ಮುದುಕ ಒಪ್ಪಲಿಲ್ಲ, ನಾನಿಲ್ಲದಿದ್ರೆ ನಾಳೆ ಅಡುಗೆ ಕೆಡುತ್ತೆ ಅಂದ. ಈ ವಯಸ್ಸಲ್ಲಿ ಧ್ಯಾನ, ಓದು ಬಿಟ್ಟು ಅಡುಗೆಮನೆ ಕೆಲಸ ಯಾಕೆ ಅಂತ ದೋಗೆನ್ ಕೇಳಿದ್ದಕ್ಕೆ ಮುದುಕ ಜೋರಾಗಿ ನಕ್ಕುಬಿಟ್ಟ. ಸಾಧನೆ ಅಂದ್ರೆ ಏನು ಅನ್ನೋದೇ ನಿನಗಿನ್ನೂ ಗೊತ್ತಾಗಿಲ್ಲ ಅನ್ನೋ ಅರ್ಥದಲ್ಲಿ ಏನೋ ಹೇಳಿ ಹೊರಟೇಬಿಟ್ಟ. ದೋಗೆನ್‌ಗೆ ಆ ನಗು ಮರೆಯಲಿಲ್ಲ. 1237ರಲ್ಲಿ ಮಠದ ಅಡುಗೆಯವರಿಗಾಗಿ ಒಂದು ಪುಸ್ತಕ ಬರೆದಾಗ ಈ ಕಥೆಯನ್ನ ಅದರಲ್ಲಿ ಹಾಕಿದ. ನಮಗೆ ಗೊತ್ತಾಗಿರೋದೇ ಹಾಗೆ.

ಅವನು ಬರೆದಿರೋ ಅಕ್ಷರವನ್ನ ಕೆಲವರು ಅಣಬೆ ಅಲ್ಲ, ಹಿಪ್ಪುನೇರಳೆ ಹಣ್ಣು ಅಂತಲೂ ಓದ್ತಾರೆ. ಹೆಚ್ಚಿನವರು ಒಣ ಶಿಟಾಕೆ ಅಂತಲೇ. ನೂಡಲ್ಸ್ ಸಾರಿಗೆ ನೇರಳೆ ಹಣ್ಣು ಹಾಕೋದು ನನಗಂತೂ ಊಹೆಗೆ ಬರಲ್ಲ.

ಇನ್ನೊಂದು ಸಣ್ಣ ವಿಷಯ. ಆ ಮುದುಕನ ಮಠ ಇದ್ದ ಬೆಟ್ಟದ ಹೆಸರು ಆಯುವಾಂಗ್. ಅದು ಅಶೋಕ ರಾಜನ ಹೆಸರಿನ ಚೀನೀ ರೂಪ. ಹೌದು, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಲ್ಲಿ ಹೆಸರು ಸಿಕ್ಕಿತಲ್ಲ, ಅದೇ ಅಶೋಕ!

3/10
ಆ ಕಾಲಕ್ಕೆ ಚೀನಾದವರಿಗೆ ಅಣಬೆ ಬೆಳೆಯೋದು ಗೊತ್ತಿರಲಿಲ್ವಾ? ಗೊತ್ತಿತ್ತು. ಝೆಜಿಯಾಂಗ್ ಪ್ರಾಂತ್ಯದ ಚಿಂಗ್ಯುವಾನ್ ಕಡೆ ವೂ ಸಾನ್‌ಗೊಂಗ್ ಅನ್ನೋನನ್ನ ಅಣಬೆಯ ಮೂಲಪುರುಷ ಅಂತ ಇವತ್ತಿಗೂ ಪೂಜಿಸ್ತಾರೆ. ಅದು ಐತಿಹ್ಯ. ಬರಹದಲ್ಲಿ ಗಟ್ಟಿ ದಾಖಲೆ ಬೇಕಂದ್ರೆ 1313ರ ಹೊತ್ತಿಗೆ ವಾಂಗ್ ಝೆನ್ ಬರೆದ ಕೃಷಿ ಗ್ರಂಥ ಇದೆ.

ಅದರಲ್ಲಿರೋ ವಿಧಾನ ಇಷ್ಟು: ನೆರಳಿನ ಜಾಗದಲ್ಲಿ ತಕ್ಕ ಮರ ಕಡಿದು ಉರುಳಿಸಿ. ಕೊಡಲಿಯಿಂದ ಅಲ್ಲಲ್ಲಿ ಗುಳಿ ಮಾಡಿ ಮಣ್ಣು ಮುಚ್ಚಿ. ವರ್ಷ ಕಳೆದು ಮರ ಕೊಳೆತ ಮೇಲೆ, ಅಣಬೆಯನ್ನ ಸಣ್ಣಗೆ ಹೆಚ್ಚಿ ಆ ಗುಳಿಗಳಿಗೆ ತುಂಬಿ. ಮೇಲೆ ಸೊಪ್ಪು, ಮಣ್ಣು. ಆಗಾಗ ಅಕ್ಕಚ್ಚು ಸುರಿಯಿರಿ. ಅಕ್ಕಿ ತೊಳೆದ ನೀರನ್ನ ನಮ್ಮಜ್ಜಿಯರು ದನಕ್ಕೆ ಇಡ್ತಿದ್ರಲ್ಲ, ಅದೇ. ಅವರು ಅಣಬೆಗೆ ಇಡ್ತಿದ್ರು.

ಆಮೇಲೆ ಬರುತ್ತೆ ನನಗೆ ತುಂಬಾ ಇಷ್ಟವಾದ ಭಾಗ. ಸ್ವಲ್ಪ ಕಾಲ ಬಿಟ್ಟು ದೊಣ್ಣೆ ತಗೊಂಡು ದಿಮ್ಮಿಗೆ ಬಾರಿಸಬೇಕು. ಅದಕ್ಕೆ ಅಣಬೆಯನ್ನ ಬೆಚ್ಚಿಬೀಳಿಸೋದು ಅಂತಲೇ ಹೆಸರು! ಮಲಗಿದ್ದು ಎದ್ದು ಬರಲಿ ಅಂತ. ನಮ್ಮ ಕಡೆ ಗುಡುಗಿದರೆ ಅಣಬೆ ಏಳುತ್ತೆ ಅಂತಾರಲ್ಲ, ಜಪಾನಿನಲ್ಲೂ ಸಿಡಿಲು ಬಿದ್ದಲ್ಲಿ ಅಣಬೆ ಹೆಚ್ಚು ಅನ್ನೋ ನಂಬಿಕೆ ಇದೆ. ಇವಾತೆ ವಿಶ್ವವಿದ್ಯಾಲಯದವರು ದಿಮ್ಮಿಗಳಿಗೆ ಕ್ಷಣಮಾತ್ರ ಹೆಚ್ಚಿನ ವೋಲ್ಟೇಜ್ ಕೊಟ್ಟು ನೋಡಿದ್ದಾರೆ, ಶಿಟಾಕೆ ಇಳುವರಿ ಹೆಚ್ಚಾಗಿದೆ. ಮನೆಯಲ್ಲಿ ಯಾರೂ ಟ್ರೈ ಮಾಡಬೇಡಿ, ದಯವಿಟ್ಟು.

4/10
ಜಪಾನಿಗೆ ಬರೋಣ. ಕ್ಯೂಶು ದ್ವೀಪದ ಓಯಿತಾ. ಇವತ್ತಿಗೂ ಜಪಾನಿನ ಒಣ ಶಿಟಾಕೆಗೆ ಅದೇ ತವರು. ಅಲ್ಲಿ ಹೇಳೋ ಕಥೆ: 1600ರ ದಶಕಗಳಲ್ಲಿ ಗೆಂಬೆಯ್ ಅನ್ನೋ ಇದ್ದಿಲು ಸುಡುವವನಿದ್ದ. ಇದ್ದಿಲಿಗಂತ ಕಡಿದು ಬಿಟ್ಟಿದ್ದ ಮರಗಳಲ್ಲಿ, ಎಲ್ಲಿ ಕತ್ತಿ ಏಟು ಬಿದ್ದಿತ್ತೋ ಅಲ್ಲೇ ಅಣಬೆ ಎದ್ದಿದ್ದು ಅವನ ಕಣ್ಣಿಗೆ ಬಿತ್ತು. ಅಂದಿನಿಂದ ಓಕ್ ಜಾತಿಯ ಮರ ಉರುಳಿಸಿ, ಮಚ್ಚಿನಿಂದ ಕಚ್ಚು ಹಾಕಿ, ಕಾಯೋದು ಶುರುವಾಯ್ತು.

ಕಾಯೋದು ಅಂದೆ ನೋಡಿ, ಎಲ್ಲ ಕಷ್ಟ ಆ ಒಂದು ಪದದಲ್ಲಿದೆ. ಬೀಜ ಬಿತ್ತುವ ಮಾತೇ ಇಲ್ಲ. ಗಾಳಿಯಲ್ಲಿ ತೇಲಿಬರೋ ಕಣ್ಣಿಗೆ ಕಾಣದ ಬೀಜಕಣ ಆ ಕಚ್ಚಿನಲ್ಲಿ ಕೂತರೆ ಕೂತಿತು. ಶಿಟಾಕೆಯದೇ ಕೂರಬೇಕು, ಬೇರೆ ಬೂಷ್ಟು ಕೂತರೆ ಮುಗೀತು. ಕೂತಿದೆಯೋ ಇಲ್ವೋ ಗೊತ್ತಾಗೋಕೆ ಎರಡು-ಮೂರು ವರ್ಷ. ಅಷ್ಟರಲ್ಲಿ ಮರದ ದುಡ್ಡು, ಕೂಲಿ, ಬಡ್ಡಿ ಎಲ್ಲ ತಲೆ ಮೇಲೆ. ಎದ್ದರೆ ಮನೆ ಉದ್ಧಾರ. ಏಳದಿದ್ದರೆ ಊರು ಬಿಟ್ಟು ಓಡಿಹೋಗೋದೇ.

ಇದು ಒಂದೆರಡು ವರ್ಷದ ಮಾತಲ್ಲ, ಸುಮಾರು ಮುನ್ನೂರು ವರ್ಷ ಹೀಗೇ ನಡೀತು. ಯಾವ ಇಳಿಜಾರು, ಯಾವ ಗಾಳಿ, ಯಾವ ಮರ ಅಂತ ಅಂದಾಜು ಹೇಳೋ ನುರಿತ ಕೆಲಸಗಾರರು ಓಯಿತಾದಿಂದ ಬೇರೆ ಬೇರೆ ಪ್ರಾಂತ್ಯಗಳಿಗೆ ಹೋಗ್ತಿದ್ರು. ನಮ್ಮಲ್ಲಿ ಬಾವಿ ತೋಡೋಕೆ ಮುಂಚೆ ನೀರು ನೋಡೋರನ್ನ ಕರೆಸ್ತಾರಲ್ಲ, ಹಾಗೆ.

5/10
ಒಂದು ಅಡ್ಡಕಥೆ, ಬೇಡ ಅನ್ನಿಸಿದ್ರೆ ಮುಂದಿನದಕ್ಕೆ ಹೋಗಿ.

ಕೊಂಜಾಕು ಮೊನೊಗತಾರಿ ಅಂತ ಜಪಾನಿನ ಹಳೇ ಕಥಾಸಂಗ್ರಹ ಇದೆ, ಹನ್ನೆರಡನೇ ಶತಮಾನದ್ದು. ಅದರಲ್ಲೊಬ್ಬ ಮಠಾಧಿಪತಿ, ಎಂಬತ್ತು ದಾಟಿದ್ದರೂ ಗಟ್ಟಿಮುಟ್ಟು. ಅವನ ನಂತರ ಪೀಠ ಏರಬೇಕಾದ ಭಿಕ್ಷುಗೆ ಆಗಲೇ ಎಪ್ಪತ್ತು. ಇವನು ಸಾಯಲ್ಲ, ನನಗೆ ಸರದಿ ಬರಲ್ಲ ಅಂತ ಅವನ ಚಿಂತೆ. ಕೊನೆಗೆ ವಿಷದ ಅಣಬೆ ತಂದು ಒಳ್ಳೇ ಅಣಬೆ ಅಂತ ರುಚಿಯಾಗಿ ಅಡುಗೆ ಮಾಡಿ ಬಡಿಸಿದ. ಮಠಾಧಿಪತಿ ತಟ್ಟೆ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಈ ವಿಷದ ಅಣಬೆಯನ್ನ ಇಷ್ಟು ಚೆನ್ನಾಗಿ ಯಾರೂ ಮಾಡಿಕೊಟ್ಟಿರಲಿಲ್ಲ ಅನ್ನೋ ಅರ್ಥದ ಮಾತು ಹೇಳಿದ. ವರ್ಷಗಳಿಂದ ತಿಂತಿದ್ದನಂತೆ, ಅವನಿಗದು ಏನೂ ಮಾಡ್ತಿರಲಿಲ್ಲ!

ಕಥೆ ತಮಾಷೆ. ಆದ್ರೆ ಆ ಅಣಬೆ ತ್ಸುಕಿಯೊತಾಕೆ ಇರಬೇಕು ಅಂತಾರೆ. ಶಿಟಾಕೆಯ ಹಾಗೇ ಕಾಣುತ್ತೆ, ಸತ್ತ ಮರದ ಮೇಲೇ ಏಳುತ್ತೆ, ಕತ್ತಲಲ್ಲಿ ಮಂಕಾಗಿ ಹೊಳೆಯುತ್ತೆ. ಜಪಾನಿನಲ್ಲಿ ಅಣಬೆ ವಿಷಬಾಧೆಗೆ ಇವತ್ತಿಗೂ ಮುಖ್ಯ ಕಾರಣಗಳಲ್ಲಿ ಇದೊಂದು. ಮಠಾಧಿಪತಿಯ ಹೊಟ್ಟೆ ನಿಮಗಿಲ್ಲ. ಫೋಟೋ ನೋಡಿ, ಆಪ್‌ನಲ್ಲಿ ಹುಡುಕಿ, ಕಾಡಿನ ಅಣಬೆ ಕಿತ್ತು ತಿನ್ನೋ ಕೆಲಸ ಮಾತ್ರ ಮಾಡಬೇಡಿ. ಬೆಳ್ಳಿ ಚಮಚ ಕಪ್ಪಾಗುತ್ತೆ, ಹುಳ ತಿಂದಿದ್ರೆ ಒಳ್ಳೇದು, ಇವೆಲ್ಲ ಸುಳ್ಳು ಪರೀಕ್ಷೆಗಳು.

6/10
ಈಗ ಈ ಸರಣಿಯ ಹೆಸರಿಗೆ ಬಂದೆ.

ಮೋರಿ ಕಿಸಾಕು. ಹುಟ್ಟಿದ್ದು 1908ರಲ್ಲಿ, ಕಿರ್ಯೂ ಊರಿನವನು. ಕ್ಯೋಟೋ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಕೃಷಿ ಓದ್ತಿದ್ದಾಗ ಓಯಿತಾದ ಹಳ್ಳಿಗಳಿಗೆ ಹೋಗಿದ್ದ. ನಮ್ಮ ನಿಮ್ಮ ಫೀಲ್ಡ್‌ವರ್ಕ್ ಇದ್ದ ಹಾಗೆ ಅಂದ್ಕೊಳ್ಳಿ. ಅಲ್ಲೊಂದು ಕಡೆ ವಯಸ್ಸಾದ ರೈತನೊಬ್ಬ ಸಾಲಾಗಿ ಜೋಡಿಸಿಟ್ಟ ದಿಮ್ಮಿಗಳ ಮುಂದೆ ಮಂಡಿಯೂರಿ ಕೈಮುಗಿದು ಬೇಡಿಕೊಳ್ತಿದ್ದ. ನಬಾ, ದಯಮಾಡಿ ಹೊರಗೆ ಬಾ, ನೀನು ಬರದಿದ್ರೆ ನಾವು ಉಳಿಯಲ್ಲ ಅಂತ. ಆ ಕಡೆ ಶಿಟಾಕೆಗೆ ನಬಾ ಅಂತಾರೆ. ದೇವರ ಹೆಸರು ಹೇಳಿ ಬೇಡ್ತಿರಲಿಲ್ಲ, ಅಣಬೆಯನ್ನೇ ಹೆಸರು ಹಿಡಿದು ಕರೀತಿದ್ದ.

ಮೋರಿ ಅದನ್ನ ನೋಡಿ ವಾಪಸ್ ಬಂದು, ರಿಪೋರ್ಟ್ ಬರೆದು, ಮಾರ್ಕ್ಸ್ ತಗೊಂಡು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಶಿಟಾಕೆಯ ಶುದ್ಧ ಬೀಜವನ್ನ ಬೇರೆ ಬೂಷ್ಟಿನ ಸೋಂಕಿಲ್ಲದೆ ಬೆಳೆಸೋ ದಾರಿ ಹುಡುಕ್ತಾ ವರ್ಷಗಳನ್ನೇ ಕಳೆದ. 1942ರಲ್ಲಿ ಅದು ಕೈಗೂಡಿತು. ಉಪಾಯ ಏನು ಗೊತ್ತಾ? ಬೆಣೆ! ಸಣ್ಣ ಸಣ್ಣ ಮರದ ಬೆಣೆಗಳಲ್ಲಿ ಅಣಬೆಯ ಎಳೆಗಳನ್ನ ಬೆಳೆಸಿದ. ರೈತ ಮಾಡಬೇಕಾದ್ದಿಷ್ಟೇ: ದಿಮ್ಮಿಯಲ್ಲಿ ತೂತು ಮಾಡು, ಬೆಣೆ ಇಡು, ಸುತ್ತಿಗೆಯಲ್ಲಿ ಹೊಡಿ. ಯಾವ ಮುದುಕನ ಕೈಗೂ ಒಗ್ಗುವ ಕೆಲಸ, ಬೇಕಾಗಿದ್ದು ಒಂದು ಸುತ್ತಿಗೆ.

ಗಾಳಿಯನ್ನ ನಂಬಿ ಕೂರೋದು ಅಲ್ಲಿಗೆ ಮುಗೀತು. ಯುದ್ಧದ ನಂತರದ ಬಡ ಜಪಾನಿನ ಗುಡ್ಡಗಾಡು ಹಳ್ಳಿಗಳಿಗೆ ಇದೊಂದು ನಂಬಿಕೆಯ ಬೆಳೆ ಆಯ್ತು. ವಿಜ್ಞಾನದ ಇತಿಹಾಸ ಅಂದ್ರೆ ನಮಗೆ ಬಾಂಬು, ರಾಕೆಟ್ಟು ಹೇಳಿಕೊಡ್ತಾರೆ. 1942ರ ಪಾಠಕ್ಕೆ ಈ ಬೆಣೆಯನ್ನೂ ಸೇರಿಸಿದ್ರೆ ಏನು ನಷ್ಟ ಅಂತ ನನಗೆ ಅನ್ನಿಸುತ್ತೆ.

7/10
ಅದೇ 1942ರಲ್ಲಿ ಇನ್ನೊಂದು ನಡೀತು, ಅದು ನಮಗೆ ಹತ್ತಿರದ್ದು. ರೋಜರ್ ಹೈಮ್ ಅನ್ನೋ ಫ್ರೆಂಚ್ ವಿಜ್ಞಾನಿ ಗೆದ್ದಲಿನ ಜೊತೆ ಬದುಕೋ ಅಣಬೆಗಳಿಗೆ ಟರ್ಮಿಟೊಮೈಸಿಸ್ ಅಂತ ಹೆಸರಿಟ್ಟ. ಹೆಸರು ಗೊತ್ತಿಲ್ಲದಿದ್ರೂ ರುಚಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಮಲೆನಾಡು, ಕರಾವಳಿ ಕಡೆ ಮಳೆ ಶುರುವಾದ ಮೇಲೆ ಹುತ್ತದ ಆಸುಪಾಸು ಏಳುತ್ತಲ್ಲ, ಕೊಡಗಿನವರು ಕುಮ್ಮು ಅಂತಾರಲ್ಲ, ಆ ಬಳಗ.

ಇದನ್ನ ಬೆಳೆಸೋದು ಮನುಷ್ಯ ಅಲ್ಲ, ಗೆದ್ದಲು. ಎಲೆ, ಕಡ್ಡಿ ತಿಂದು ನೆಲದೊಳಗೆ ಜೇನುತಟ್ಟಿನಂಥ ತಟ್ಟು ಕಟ್ಟಿ, ಅದರ ಮೇಲೆ ಅಣಬೆ ಬೇಸಾಯ ಮಾಡ್ತವೆ. ಮಳೆಗಾಲದಲ್ಲಿ ಅದು ಮಣ್ಣು ಸೀಳಿ ಮೇಲೆ ಬರುತ್ತೆ. ಕಿತ್ತು ನೋಡಿದ್ರೆ ಕೆಳಗೆ ಬೇರಿನ ಹಾಗೆ ಉದ್ದ ಕಾಲು, ಅದು ನೇರ ಗೆದ್ದಲಿನ ತೋಟಕ್ಕೆ ಇಳಿದಿರುತ್ತೆ. ಶಿಟಾಕೆಗೆ ಬೆಣೆ ಸಿಕ್ಕಿತು, ಇದಕ್ಕೆ ಇವತ್ತಿಗೂ ಸಿಕ್ಕಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಚಿಪ್ಪಣಬೆ ಬೀಜ ಸಿಗುತ್ತೆ, ಹುತ್ತದ ಅಣಬೆ ಬೀಜ ಎಲ್ಲೂ ಸಿಗಲ್ಲ. ಹುತ್ತ ಅಗೆದು ಹಾಕಿದ್ರೆ ಆ ಜಾಗದ ಅಣಬೆಯೂ ಹೋಯ್ತು. ಯಾವ ಗದ್ದೆ ಅಂಚು, ಯಾವ ಮಳೆ ಆದಮೇಲೆ ಅಂತ ಗೊತ್ತಿರೋದು ಊರಿನ ಒಂದಿಬ್ಬರು ಹಿರಿಯರಿಗೆ. ಅವರು ಆ ಜಾಗ ಸುಲಭಕ್ಕೆ ಬಾಯಿ ಬಿಟ್ಟು ಹೇಳೋದೂ ಇಲ್ಲ!

8/10
ಜಗಳದ ವಿಷಯ ಬೇಗ ಮುಗಿಸ್ತೀನಿ. ಮರದ ದಿಮ್ಮಿ ಬದಲು ಮರದ ಹೊಟ್ಟನ್ನ ಚೀಲಕ್ಕೆ ತುಂಬಿ ಶಿಟಾಕೆ ಬೆಳೆಯೋದು ಚೀನಾದಲ್ಲಿ ದೊಡ್ಡ ಪ್ರಮಾಣಕ್ಕೆ ಹೋಯ್ತು. ಬೆಲೆ ಬಿತ್ತು. 2001ರ ಏಪ್ರಿಲ್‌ನಲ್ಲಿ ಜಪಾನ್ ಚೀನಾದ ಹಸಿ ಶಿಟಾಕೆ, ಈರುಳ್ಳಿ ಜಾತಿಯ ನೆಗಿ, ಚಾಪೆ ಹುಲ್ಲು ಈ ಮೂರಕ್ಕೆ ತುರ್ತು ಸುಂಕ ಹಾಕಿತು. ಚೀನಾ ಸುಮ್ಮನಿರುತ್ತಾ? ಜಪಾನಿನ ಕಾರು, ಮೊಬೈಲ್ ಫೋನು, ಏಸಿಗಳ ಮೇಲೆ ನೂರಕ್ಕೆ ನೂರು ಸುಂಕ. ಅಣಬೆಗೆ ಕಾರು! ಡಿಸೆಂಬರ್ ಹೊತ್ತಿಗೆ ರಾಜಿಯಾಯ್ತು.

ನಿಜವಾದ ಪೆಟ್ಟು ಬಿದ್ದಿದ್ದು 2011ರಲ್ಲಿ. ಫುಕುಶಿಮಾ ಅಣುಸ್ಥಾವರದ ದುರಂತ ಎಲ್ಲರಿಗೂ ಗೊತ್ತು. ಆ ಪ್ರಾಂತ್ಯದ ಕಾಡು ಬೇರೆ ಪ್ರಾಂತ್ಯಗಳ ಶಿಟಾಕೆ ಬೆಳೆಗಾರರಿಗೂ ದಿಮ್ಮಿ ಕಳಿಸ್ತಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ವಿಕಿರಣದ ಸೀಸಿಯಮ್ ಮರದ ತೊಗಟೆ ಮೇಲೆ ಕೂತು ಒಳಗಿಳಿಯುತ್ತೆ, ಅಣಬೆ ಅದನ್ನ ಹೀರಿಕೊಳ್ಳುತ್ತೆ. ಸಾಮಾನ್ಯ ಆಹಾರಕ್ಕೆ ಕಿಲೋಗೆ 100 ಬೆಕರೆಲ್ ಮಿತಿ ಇಟ್ಟರೆ, ಅಣಬೆ ದಿಮ್ಮಿಗೆ ಇಟ್ಟಿದ್ದು 50. ಈ ಓಕ್ ಮರಗಳನ್ನ ಕಡಿದರೆ ಬುಡದಿಂದ ಮತ್ತೆ ಚಿಗುರಿ, ಹದಿನೈದು-ಇಪ್ಪತ್ತು ವರ್ಷಕ್ಕೆ ಮತ್ತೆ ಕಡಿಯೋಕೆ ಬರ್ತವೆ. ಅಪ್ಪ ಕಡಿದ ಬುಡದಲ್ಲೇ ಮಗ ಕಡೀತಾನೆ. ಆ ಸರಪಳಿ ನಡುವೆಯೇ ತುಂಡಾಯ್ತು. ಮರಗಳು ಹಸಿರಾಗೇ ನಿಂತಿದ್ವು, ಮುಟ್ಟೋ ಹಾಗಿರಲಿಲ್ಲ.

9/10
ಸರಿ, ಇಷ್ಟೆಲ್ಲ ಯಾಕೆ? ರುಚಿಗೆ. ಆ ರುಚಿ ಏನು ಅಂತ ಗೊತ್ತಾಗಿದ್ದೂ ಒಂದು ಕಥೆ.

1908ರಲ್ಲಿ ಟೋಕಿಯೋದ ರಸಾಯನಶಾಸ್ತ್ರಜ್ಞ ಇಕೆದಾ ಕಿಕುನಾಯೆ ಕೊಂಬು ಅನ್ನೋ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟ. (ಮೋರಿ ಹುಟ್ಟಿದ್ದೂ ಅದೇ ವರ್ಷ, ಸುಮ್ನೆ ಹೇಳಿದೆ.) 1913ರಲ್ಲಿ ಅವನ ಶಿಷ್ಯ ಕೊದಾಮಾ ಒಣಮೀನಿನಲ್ಲಿ ಇನೊಸಿನೇಟ್ ಕಂಡುಕೊಂಡ. ಮೂರನೆಯದು ಗ್ವಾನಿಲೇಟ್. 1957ರಲ್ಲಿ ಸೋಯಾ ಸಾಸ್ ಕಂಪನಿಯೊಂದರ ಸಂಶೋಧಕ ಕುನಿನಾಕಾ ಅಕಿರಾ ಆರ್‌ಎನ್‌ಎ ಒಡೆದು ನೋಡ್ತಾ ಇದರ ರುಚಿ ಗುರುತಿಸಿದ. ಒಣ ಶಿಟಾಕೆಯ ಗುಟ್ಟು ಇದೇ ಅಂತ ಆಮೇಲೆ ಗೊತ್ತಾಯ್ತು. ಇವನು ಕಂಡ ಇನ್ನೊಂದು ಸಂಗತಿ ಅಡುಗೆಮನೆಗೆ ಇನ್ನೂ ಮುಖ್ಯ: ಗ್ಲುಟಮೇಟ್ ಜೊತೆ ಗ್ವಾನಿಲೇಟ್ ಸೇರಿದ್ರೆ ರುಚಿ ಒಂದಕ್ಕೊಂದು ಕೂಡೋದಲ್ಲ, ಹಲವು ಪಟ್ಟು ಏರುತ್ತೆ. ಮೀನು ಮುಟ್ಟದ ಬೌದ್ಧ ಮಠಗಳ ಅಡುಗೆಯಲ್ಲಿ ಕೊಂಬು, ಒಣ ಶಿಟಾಕೆ ಎರಡನ್ನೂ ಸೇರಿಸಿ ಸಾರು ತೆಗೀತಾರೆ. ನಾಲಿಗೆಗೆ ಗೊತ್ತಿದ್ದದ್ದು ಲ್ಯಾಬಿಗೆ ತಲುಪೋಕೆ ಶತಮಾನಗಳೇ ಬೇಕಾದ್ವು.

ಹಸಿ ಶಿಟಾಕೆಯಲ್ಲಿ ಗ್ವಾನಿಲೇಟ್ ತೀರಾ ಕಮ್ಮಿ. ಒಣಗಿಸಿದಾಗ ಜೀವಕೋಶ ಒಡೆಯುತ್ತೆ. ನೆನೆಸಿ ಬಿಸಿ ಮಾಡುವಾಗ, 60-70 ಡಿಗ್ರಿ ಹತ್ತಿರ, ಒಂದು ಕಿಣ್ವ ಅಣಬೆಯ ಆರ್‌ಎನ್‌ಎಯನ್ನ ಕತ್ತರಿಸಿ ಗ್ವಾನಿಲೇಟ್ ಮಾಡುತ್ತೆ. ಆದ್ರೆ ಅದಕ್ಕಿಂತ ಕಮ್ಮಿ, ಬೆಚ್ಚಗಿನ ಬಿಸಿಯಲ್ಲಿ, ಇನ್ನೊಂದು ಕಿಣ್ವ ಆಗಿದ್ದನ್ನ ಹಾಳು ಮಾಡ್ತಾ ಇರುತ್ತೆ. ಅದಕ್ಕೇ ಬಿಸಿನೀರಲ್ಲಿ ಅವಸರಕ್ಕೆ ನೆನೆಸಿದ್ರೆ ಮೆತ್ತಗಾಗುತ್ತೆ, ರುಚಿ ಬಿಡಲ್ಲ.

10/10
ಮಾಡೋದು ಹೀಗೆ. ನಾಲ್ಕೈದು ಒಣ ಶಿಟಾಕೆ ಬೇಗ ಒಂದು ಸಲ ತೊಳೆದು, ಎರಡು ಲೋಟ ತಣ್ಣೀರಲ್ಲಿ ಹಾಕಿ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಗ್ಗೆ ನೀರು ತೆಳು ಕಷಾಯದ ಬಣ್ಣಕ್ಕೆ ಬಂದಿರುತ್ತೆ. ಅದನ್ನ ಚೆಲ್ಲಿದ್ರೆ ಅರ್ಧ ದುಡ್ಡು ಚೆಲ್ಲಿದ ಹಾಗೆ! ಬಟ್ಟೆಯಲ್ಲಿ ಸೋಸಿ. ಅಣಬೆ ಸಮೇತ ಒಲೆ ಮೇಲಿಟ್ಟು, ಹಬೆ ಆಡೋಕೆ ಶುರುವಾದ ಕೂಡಲೇ ಉರಿ ಸಣ್ಣ ಮಾಡಿ, ಕುದಿ ಬರದ ಹಾಗೆ ಐದು-ಹತ್ತು ನಿಮಿಷ ಬಿಡಿ. ಆಮೇಲೆ ಧಾರಾಳವಾಗಿ ಕುದಿಸಿ. ಚೆನ್ನಾಗಿ ಬೇಯಲೇಬೇಕು, ಅರೆಬೆಂದ ಶಿಟಾಕೆ ತಿಂದು ಕೆಲವರಿಗೆ ಬಾರುಕೋಲಿನಲ್ಲಿ ಹೊಡೆದಂಥ ಗೆರೆಗೆರೆ ದದ್ದು ಏಳುತ್ತೆ.

ಈ ನೀರನ್ನ ಟೊಮೆಟೊ ಸಾರಿಗೆ ಹಾಕಿ ನೋಡಿ. ಟೊಮೆಟೊದಲ್ಲಿ ಗ್ಲುಟಮೇಟ್ ಇದೆ, ಕುನಿನಾಕಾ ಹೇಳಿದ ಜೋಡಿ ನಿಮ್ಮ ಪಾತ್ರೆಯಲ್ಲೇ ಆಯ್ತು. ಇಂಗು ಸ್ವಲ್ಪ ಕಮ್ಮಿ ಇರಲಿ, ಇಲ್ಲದಿದ್ರೆ ಎರಡು ಗಂಧಕದ ವಾಸನೆ ಒಂದರ ಮೇಲೊಂದು ಬಿದ್ದು ಗಲಾಟೆ. ಮೆತ್ತಗಾದ ಅಣಬೆಯನ್ನ ಸೀಳಿ, ಈರುಳ್ಳಿ, ಮೆಣಸು, ಕರಿಬೇವು ಹಾಕಿ ಒಗ್ಗರಿಸಿ, ಮೇಲೆ ಕಾಯಿತುರಿ. ಗಂಜಿ ಜೊತೆ ಇದ್ರೆ ಬೇರೇನೂ ಬೇಡ. ಮನೇಲಿ ಅಣಬೆ ಮುಟ್ಟದವರಿದ್ರೆ ಅವರ ಪಾತ್ರೆ ಬೇರೆ ಇಡಿ, ಗಲಾಟೆ ಬೇಡ.

ಶಿಟಾಕೆ ದುಬಾರಿ ಅನ್ನೋರು ಚಿಪ್ಪಣಬೆ ತಂದು ಬಿಡಿಸಿ, ಗಳಿಗೆಗಳು ಮೇಲ್ಮುಖವಾಗಿ ಬರೋ ಹಾಗೆ ಹರಡಿ ಒಳ್ಳೇ ಬಿಸಿಲಲ್ಲಿ ಒಣಗಿಸಿ. ಬಿಸಿಲು ಬಿದ್ದರೆ ವಿಟಮಿನ್ ಡಿ ಕೂಡ ಹೆಚ್ಚುತ್ತೆ. ಮುರಿದರೆ ಪಟ್ ಅನ್ನಬೇಕು, ಬಾಗಿದ್ರೆ ಇನ್ನೂ ಒಣಗಿಲ್ಲ. ಮಳೆಗಾಲದಲ್ಲಿ ಈ ಸಾಹಸ ಬೇಡ, ಬೂಷ್ಟು ಬರುತ್ತೆ.

ಶಿಟಾಕೆಯ ತೊಟ್ಟು ಎಷ್ಟು ನೆನೆದ್ರೂ ತೊಗಲಿನ ಹಾಗೇ ಇರುತ್ತೆ, ಅಗಿಯೋಕಾಗಲ್ಲ. ಬಿಸಾಡಬೇಡಿ. ಒಂದು ಡಬ್ಬಿಯಲ್ಲಿ ಕೂಡಿಡಿ, ಮುಂದಿನ ಸಲ ಬೇಳೆ ಬೇಯಿಸುವಾಗ ಕುಕ್ಕರಿಗೆ ಎರಡು ಹಾಕಿ, ಬೆಂದ ಮೇಲೆ ತೆಗೆದುಬಿಡಿ.

#ಅಣಬೆ #ಅಡುಗೆಇತಿಹಾಸ #ಶಿಟಾಕೆ #ಕನ್ನಡ